ಕೈ ಮುಟ್ಟದ ಉಕ್ಕು

ಹನ್ನೊಂದು ಜನ ಹೆಂಗಸರನ್ನು ಲಾರಿಯ ಮೇಲಿನ ಕಬ್ಬಿಣದ ಕಂಟೇನರಿನೊಳಕ್ಕೆ ಹತ್ತಿಸಿ ಹೊರಗಿನಿಂದ ಅಗುಳಿ ಹಾಕಿದರು. ಬೆಳಗಿನ ಒಂಬತ್ತೂವರೆ. ಏಪ್ರಿಲ್ ತಿಂಗಳು. ಕಂಟೇನರಿಗೆ ಕಿಟಕಿ ಇರಲಿಲ್ಲ. ಬಾಗಿಲ ಸಂದಿಯಲ್ಲಿ ಒಂದು ಗೆರೆಯಷ್ಟು ಬೆಳಕು ಬರುತ್ತಿತ್ತು.

ಅಗುಳಿ ಹಾಕಿದವನು ಸೂಪರ್‌ವೈಸರ್ ಶಿವಕುಮಾರ್. ಒಂದೇ ಗಂಟೆ, ಯಾರೂ ಮಾತಾಡಬೇಡಿ, ಕೆಮ್ಮಬೇಡಿ, ಮೊಬೈಲು ಆಫ್ ಮಾಡಿ ಎಂದು ಹೇಳಿದ್ದ. ಆ ಹನ್ನೊಂದು ಜನರಲ್ಲಿ ಕೆಮ್ಮಿಲ್ಲದವರು ಒಬ್ಬರೂ ಇರಲಿಲ್ಲ.

ಹೆಬ್ಬಾಳದ ಕೈಗಾರಿಕಾ ಪ್ರದೇಶದ ಹಿಂಬದಿಯಲ್ಲಿ ಆ ಯಾರ್ಡು. ಹಳೆಯ ಕಾರುಗಳು ಅಲ್ಲಿಗೆ ಬಂದು ಸೇರುತ್ತಿದ್ದವು. ಎಣ್ಣೆ ಬಸಿದು, ಟಯರು ಬ್ಯಾಟರಿ ಕಳಚಿ, ಉಳಿದ ಮೈಯನ್ನು ದೊಡ್ಡ ಯಂತ್ರಕ್ಕೆ ಹಾಕುತ್ತಿದ್ದರು. ಯಂತ್ರ ಅದನ್ನು ಹರಿದು ಅಂಗೈಯಗಲದ ಚೂರು ಮಾಡಿ ಉಗುಳುತ್ತಿತ್ತು. ಆಯಸ್ಕಾಂತ ಕಬ್ಬಿಣವನ್ನು ಎತ್ತಿ ಬೆಲ್ಟಿನ ಮೇಲೆ ಬಿಡುತ್ತಿತ್ತು. ಬೆಲ್ಟಿನ ಎರಡೂ ಕಡೆ ಈ ಹೆಂಗಸರು ನಿಲ್ಲುತ್ತಿದ್ದರು.

ಅವರ ಕೆಲಸ ಉಂಡೆ ಹೆಕ್ಕುವುದು. ವೈಪರಿನ ಮೋಟಾರು, ಕಿಟಕಿ ಏರಿಸುವ ಮೋಟಾರು, ಇಂಥವುಗಳ ಹೊಟ್ಟೆಯೊಳಗೆ ಕಬ್ಬಿಣದ ಗಟ್ಟಿ ಇರುತ್ತದೆ. ಅದರ ಸುತ್ತ ತಾಮ್ರದ ತಂತಿ ಸುತ್ತಿರುತ್ತದೆ. ಆಯಸ್ಕಾಂತಕ್ಕೆ ಒಳಗಿನ ಕಬ್ಬಿಣ ಸಿಗುತ್ತದೆ, ಜೊತೆಗೆ ತಾಮ್ರವೂ ಬಂದುಬಿಡುತ್ತದೆ. ಅದಕ್ಕೆ ಹೆಂಗಸರು ಉಂಡೆ ಎಂದು ಹೆಸರಿಟ್ಟಿದ್ದರು. ಓಡುವ ಬೆಲ್ಟಿನ ಮೇಲೆ, ಬ್ಲೇಡಿನಂಥ ತಗಡಿನ ಚೂರುಗಳ ನಡುವೆ ಕೈ ತೂರಿಸಿ ಅದನ್ನು ಎತ್ತಬೇಕು. ತಡವಾದರೆ ಅದು ಮುಂದಕ್ಕೆ ಹೋಗಿಬಿಡುತ್ತದೆ. ಅವಸರ ಮಾಡಿದರೆ ಕೈ ಹರಿಯುತ್ತದೆ.

ಬಸವಮ್ಮ ಆರು ವರ್ಷದಿಂದ ಈ ಕೆಲಸ ಮಾಡುತ್ತಿದ್ದಳು. ನಲವತ್ತಾರರ ಹೆಂಗಸು. ಕೂರ್ಗಳ್ಳಿ ಕಡೆಯ ಎ.ಕೆ. ಕಾಲೊನಿಯಿಂದ ಶಿಫ್ಟಿನ ಬಸ್ಸು ಹಿಡಿದು ಬರುತ್ತಿದ್ದಳು. ಗಂಡ ಸತ್ತು ಬಹಳ ವರ್ಷವಾಗಿತ್ತು. ಅವಳ ಎರಡೂ ಕೈಯಲ್ಲಿ ಗಾಯ ಇಲ್ಲದ ಬೆರಳಿರಲಿಲ್ಲ. ಎಡಗೈಯ ಉಂಗುರದ ಬೆರಳು ಮಡಚುತ್ತಿರಲಿಲ್ಲ. ಕೈಗವಸು ಹಾಕಿದರೆ ಉಂಡೆ ಹಿಡಿತಕ್ಕೆ ಸಿಗುವುದಿಲ್ಲ ಎಂದು ಕೊಟ್ಟಿರಲಿಲ್ಲ. ಕೊಟ್ಟರೆ ಸಿಗುತ್ತದೋ ಇಲ್ಲವೋ ಯಾರೂ ನೋಡಿರಲಿಲ್ಲ.

ಈ ತಾಮ್ರದ ಮೇಲೆ ಯಾಕಿಷ್ಟು ಸಿಟ್ಟು ಎಂದು ಅವಳು ಒಮ್ಮೆ ಶಿವಕುಮಾರನನ್ನು ಕೇಳಿದ್ದಳು. ಅವನು ಕೆಟ್ಟವನಲ್ಲ, ಕೇಳಿದರೆ ಹೇಳುತ್ತಿದ್ದ. ಕರಗಿಸಿದ ಉಕ್ಕಿನಲ್ಲಿ ತಾಮ್ರ ಉಳಿದರೆ ತಗಡು ಬಿರುಕು ಬಿಡುತ್ತದೆ. ಅಂಥದ್ದು ಕಟ್ಟಡದ ಕಂಬಿಗೆ ಸರಿ, ಕಾರಿನ ಬಾಗಿಲಿಗೆ ಆಗುವುದಿಲ್ಲ. ಈಗ ಕಾರು ಕಂಪನಿಯವರಿಗೆ ಹಳೆಯ ಕಾರಿನ ಉಕ್ಕೇ ಹೊಸ ಕಾರಿಗೆ ಬೇಕು. ಹಾಗೆ ಮಾಡಿದರೆ ಗುಡ್ಡ ಅಗೆಯುವುದು ಕಡಿಮೆ, ಕಲ್ಲಿದ್ದಲು ಕಡಿಮೆ, ಹೊಗೆ ಕಡಿಮೆ. ಬಸವಮ್ಮನಿಗೆ ಅದು ಒಳ್ಳೆಯದೆಂದೇ ಅನ್ನಿಸಿತ್ತು. ಹಳೆಯದು ಹೊಸದಾಗುವುದರಲ್ಲಿ ತನ್ನ ಕೈಯೂ ಇದೆ ಎಂದು ಅವಳು ಅಕ್ಕಪಕ್ಕದವರಿಗೆ ಹೇಳಿಕೊಂಡದ್ದೂ ಉಂಟು.

ಆದರೆ ಗೇಟಿನ ಬೋರ್ಡಿನಲ್ಲಿ ಬರೆದದ್ದು ಬೇರೆ. ಇಲ್ಲಿಯ ಉಕ್ಕನ್ನು ಯಾರೂ ಕೈಯಿಂದ ಮುಟ್ಟುವುದಿಲ್ಲ, ಎಲ್ಲವನ್ನೂ ಯಂತ್ರವೇ ಬೇರ್ಪಡಿಸುತ್ತದೆ ಎಂದು ಹಸಿರು ಅಕ್ಷರದಲ್ಲಿ ಬರೆದಿತ್ತು. ಯಂತ್ರ ಇತ್ತು, ಸುಳ್ಳಲ್ಲ. ಮಾಲೀಕ ಸುಂದರೇಶ ಅದನ್ನು ಹೊರದೇಶದಿಂದ ತರಿಸಿದ್ದ. ಕ್ಯಾಮೆರಾದಲ್ಲಿ ನೋಡಿ, ಗಾಳಿ ಊದಿ ತಾಮ್ರವನ್ನು ಪಕ್ಕಕ್ಕೆ ಹಾರಿಸಬೇಕಾದ ಯಂತ್ರ. ಯಾರ್ಡಿನ ದೂಳಿಗೆ ಅದರ ಕಣ್ಣು ಮುಚ್ಚಿಹೋಗುತ್ತಿತ್ತು. ಒರೆಸಿದರೂ ಅದು ತುಕ್ಕನ್ನು ತಾಮ್ರ ಅಂದುಕೊಳ್ಳುತ್ತಿತ್ತು, ತಾಮ್ರವನ್ನು ತುಕ್ಕು ಅಂದುಕೊಳ್ಳುತ್ತಿತ್ತು. ಮೂರು ತಿಂಗಳು ನೋಡಿ ಅದಕ್ಕೆ ಟಾರ್ಪಾಲು ಹೊದಿಸಿದರು.

ಕಾರು ಕಂಪನಿಯ ಪರವಾಗಿ ತಪಾಸಣೆಯವರು ಬರುವ ದಿನ ಮಾತ್ರ ಟಾರ್ಪಾಲು ತೆಗೆಯುತ್ತಿದ್ದರು. ಹೆಂಗಸರು ಎರಡು ದಿನ ಮೊದಲೇ ಹೆಕ್ಕಿ ಸ್ವಚ್ಛ ಮಾಡಿಟ್ಟ ಚೂರನ್ನು ಯಾರ್ಡಿನ ಹುಡುಗರು ಅದರ ಬಾಯಿಗೆ ಸುರಿಯುತ್ತಿದ್ದರು. ಕೊನೆಗೆ ಬರುವ ರಾಶಿಯಲ್ಲಿ ತಾಮ್ರ ಇರುತ್ತಿರಲಿಲ್ಲ. ಬಂದವರು ಬರೆದುಕೊಂಡು ಹೋಗುತ್ತಿದ್ದರು. ಹಿಂದಿನ ವರ್ಷ ಆ ದಿನ ಹೆಂಗಸರಿಗೆ ಮನೆಯಲ್ಲೇ ಇರಿ ಎಂದಿದ್ದರು. ಈ ಸಲ ಬೆಳಿಗ್ಗೆ ಒಮ್ಮೆ, ಮಧ್ಯಾಹ್ನ ಒಮ್ಮೆ ಯಂತ್ರ ಓಡಿಸಿ ತೋರಿಸಬೇಕಿತ್ತು. ಹೆಕ್ಕಿಟ್ಟದ್ದು ಒಂದು ಸಲಕ್ಕೆ ಮಾತ್ರ ಸಾಲುತ್ತಿತ್ತು, ನಡುವೆ ಇನ್ನೊಂದು ರಾಶಿ ಹೆಕ್ಕಲು ಕೈಗಳು ಬೇಕಿದ್ದವು. ಅದಕ್ಕೇ ಕಂಟೇನರು.

ಒಂದು ಗಂಟೆ ಆಯಿತು. ಯಾರೂ ಬರಲಿಲ್ಲ. ಎರಡಾಯಿತು. ಬಿಸಿಲಿಗೆ ಕಬ್ಬಿಣ ಕಾದು ಬೆನ್ನು ಒರಗಿಸುವಂತಿರಲಿಲ್ಲ. ಸೀರೆ ನೆನೆದು ಮೈಗೆ ಅಂಟಿತು. ಒಬ್ಬಳು ಸೆರಗನ್ನು ಬಾಯಿಗೆ ತುರುಕಿಕೊಂಡು ಕೆಮ್ಮಿದಳು.

ಪುಟ್ಟಬಸಮ್ಮ ಎಲ್ಲರಿಗಿಂತ ಹಿರಿಯಳು, ಅರವತ್ತು ದಾಟಿದವಳು. ಕೊರಳಲ್ಲಿ ಲಿಂಗ ಕಟ್ಟಿಕೊಂಡವಳು. ಗಂಡ ಸತ್ತ ಮೇಲೆ ಮೈದುನರು ಮನೆಯಿಂದ ಹೊರಗೆ ಹಾಕಿದ್ದರು. ಹೆಬ್ಬಾಳದಲ್ಲೇ ಒಂದು ಕೋಣೆಯಲ್ಲಿದ್ದಳು. ಆರು ವರ್ಷವೂ ಬಸವಮ್ಮನ ಪಕ್ಕದಲ್ಲೇ ನಿಂತು ಕೆಲಸ ಮಾಡಿದ್ದಳು, ಆರು ವರ್ಷವೂ ಊಟಕ್ಕೆ ನಾಲ್ಕು ಮಾರು ದೂರ ಹೋಗಿ ಕೂತಿದ್ದಳು. ಅವಳ ನೀರು ಅವಳ ಚೊಂಬಿನಲ್ಲಿ. ಅಂದು ಚೊಂಬು ಹೊರಗೆ ಬೆಲ್ಟಿನ ಹತ್ತಿರವೇ ಉಳಿದಿತ್ತು. ಕತ್ತಲಲ್ಲಿ ಅವಳ ನಾಲಗೆ ಒಣಗಿ ಮಾತು ತೊದಲಿದಾಗ ಬಸವಮ್ಮ ತನ್ನ ಬಾಟಲಿಯನ್ನು ಅವಳ ಕೈಗಿಟ್ಟಳು. ಪುಟ್ಟಬಸಮ್ಮ ಸ್ವಲ್ಪ ಹೊತ್ತು ಹಿಡಿದುಕೊಂಡೇ ಇದ್ದಳು. ಆಮೇಲೆ ಕುಡಿದಳು.

ಅವಳಿಗೆ ಸಕ್ಕರೆ ಕಾಯಿಲೆ. ಮೂತ್ರ ತಡೆಯಲು ಆಗುವುದಿಲ್ಲ. ಹತ್ತುವಾಗಲೇ ಅದನ್ನು ಹೇಳಿದ್ದಳು. ಈಗ ಬಾಗಿಲು ತಟ್ಟಿದರು. ಮೊದಲು ಮೆಲ್ಲಗೆ, ಆಮೇಲೆ ಜೋರಾಗಿ. ಹೊರಗೆ ಯಂತ್ರದ ಸದ್ದು. ಯಾರಿಗೂ ಕೇಳಲಿಲ್ಲ, ಅಥವಾ ಕೇಳಿಯೂ ಬರಲಿಲ್ಲ. ಪುಟ್ಟಬಸಮ್ಮ ತೊಡೆ ಬಿಗಿಹಿಡಿದು ಕೂತಳು, ಎದ್ದು ನಿಂತಳು, ಮತ್ತೆ ಕೂತಳು. ಕೊನೆಗೆ ತಡಕಾಡಿಕೊಂಡು ಮೂಲೆಗೆ ಹೋದಳು. ಉಳಿದವರು ಮುಖ ತಿರುಗಿಸಿದರು. ಲಾರಿ ಇಳಿಜಾರಿನಲ್ಲಿ ನಿಂತಿತ್ತು. ಮೂತ್ರ ಮೂಲೆಯಲ್ಲಿ ನಿಲ್ಲಲಿಲ್ಲ. ಎಲ್ಲರ ಕಾಲಡಿಗೂ ಹರಿದು ಬಂತು. ಒಬ್ಬೊಬ್ಬರಾಗಿ ಎದ್ದು, ಸೀರೆ ಎತ್ತಿ ಹಿಡಿದು ನಿಂತರು. ಪುಟ್ಟಬಸಮ್ಮ ಅಳುವುದು ಮಾತ್ರ ಕೇಳುತ್ತಿತ್ತು.

ಬಾಗಿಲು ತೆಗೆದಾಗ ಹನ್ನೆರಡೂವರೆ. ತಪಾಸಣೆಯವರು ಮೇಲಿನ ಆಫೀಸಿನಲ್ಲಿ ಊಟಕ್ಕೆ ಕೂತಿದ್ದರು. ಶಿವಕುಮಾರ್ ಮೂಗಿಗೆ ಕರ್ಚೀಫು ಹಿಡಿದ. ನಾಳೆ ಇದೇ ಲಾರಿ ಲೋಡಿಗೆ ಹೋಗಬೇಕು, ಹೀಗೆ ಮಾಡಿದ್ದೀರಲ್ಲ ಎಂದ. ಯಾರದು ಎಂದು ಕೇಳಿದ. ಕೇಳುವ ಅಗತ್ಯ ಇರಲಿಲ್ಲ. ಪುಟ್ಟಬಸಮ್ಮನ ಕೈಗೆ ಒಂದು ಬಕೆಟ್ಟು, ಗೋಣಿಯ ತುಂಡು ಕೊಟ್ಟ. ಬಸವಮ್ಮ ಗೋಣಿ ಕಿತ್ತುಕೊಳ್ಳಲು ಹೋದಳು. ಮುದುಕಿ ಬಿಡಲಿಲ್ಲ. ಮೊಣಕಾಲೂರಿ ತಾನೇ ಒರೆಸಿದಳು. ಕೆಳಗೆ ಇಬ್ಬರು ಹುಡುಗರು ಗ್ಯಾಸ್ ಕಟರು ಹಿಡಿದು ನೋಡುತ್ತಾ ನಿಂತಿದ್ದರು.

ಮುಂದಿನ ಒಂದೂವರೆ ಗಂಟೆ ಹೆಂಗಸರು ಬೆಲ್ಟಿನ ಮುಂದೆ ನಿಂತು ಉಂಡೆ ಹೆಕ್ಕಿದರು. ಊಟಕ್ಕೆ ಬಿಡಲಿಲ್ಲ. ರಾಶಿ ಸ್ವಚ್ಛವಾಯಿತು. ಎರಡು ಗಂಟೆಗೆ ಶಿವಕುಮಾರ್ ಕೈ ತಟ್ಟಿ, ಹತ್ತಿ ಹತ್ತಿ ಎಂದ. ಒಬ್ಬೊಬ್ಬರೇ ಹೋಗಿ ಲಾರಿ ಹತ್ತಿದರು. ಪುಟ್ಟಬಸಮ್ಮನನ್ನು ಇಬ್ಬರು ಮೇಲಕ್ಕೆಳೆದುಕೊಂಡರು. ಬಸವಮ್ಮ ಕೊನೆಯವಳು. ಮೆಟ್ಟಿಲಿನ ಮೇಲೆ ಒಂದು ಕಾಲಿಟ್ಟಳು. ಒಳಗಿನ ವಾಸನೆ ಮುಖಕ್ಕೆ ಹೊಡೆಯಿತು. ಕಾಲು ಕೆಳಗಿಳಿಸಿದಳು.

"ನಾ ಹತ್ತಕಿಲ್ಲ," ಅಂದಳು.

ಶಿವಕುಮಾರನಿಗೆ ಮೊದಲು ಅರ್ಥವಾಗಲಿಲ್ಲ. ಇನ್ನೊಂದು ಗಂಟೆ ಕಣಮ್ಮ ಎಂದ. ನನ್ನ ಕೆಲಸ ಹೋಗುತ್ತೆ ಎಂದ. ಬೇಡಿಕೊಂಡ. ಆಮೇಲೆ ರಟ್ಟೆ ಹಿಡಿದು ಎಳೆದ.

"ಕೈ ಬುಡು ಶಿವಕುಮಾರಪ್ಪ. ದನಾನೂ ಇಂಗ್ ತುಂಬಕಿಲ್ಲ. ನಾ ಹತ್ತಕಿಲ್ಲ ಅಂದ್ಮೇಲೆ ಹತ್ತಕಿಲ್ಲ."

ಅವಳು ಅಲ್ಲೇ ಲಾರಿಯ ಹಿಂದೆ, ಎಣ್ಣೆ ಚೆಲ್ಲಿದ ನೆಲದ ಮೇಲೆ ಕೂತುಬಿಟ್ಟಳು. ಎಳೆದರೂ ಏಳಲಿಲ್ಲ. ಅಷ್ಟರಲ್ಲಿ ಊಟ ಮುಗಿಸಿದವರು ಶೆಡ್ಡಿನ ತಿರುವಿಗೆ ಬಂದೇಬಿಟ್ಟರು.

ಮುಂದೆ ಸುಂದರೇಶ. ಅವನ ಜೊತೆ ಬಿಳಿ ಹೆಲ್ಮೆಟ್ಟಿನ ಇಬ್ಬರು ಗಂಡಸರು, ಒಬ್ಬಳು ಹುಡುಗಿ. ಹುಡುಗಿಯ ಹೆಸರು ಲಾಸ್ಯ. ತಪಾಸಣೆಯ ವರದಿ ಬರೆಯುವವಳು ಅವಳೇ. ಕನ್ನಡದವಳು. ಇವರು ಕಸ ಗುಡಿಸುವವರು, ಬೇರೆ ಕಡೆಯಿಂದ ಬಂದವರು ಎಂದು ಸುಂದರೇಶ ಹೇಳಿದ. ಲಾಸ್ಯ ಲಾರಿಯೊಳಕ್ಕೆ ಇಣುಕಿದಳು. ಆಮೇಲೆ ಬಗ್ಗಿ ಬಸವಮ್ಮನ ಕೈ ನೋಡಿದಳು. ಈ ಗಾಯ ಗುಡಿಸಿ ಆದದ್ದಾ ಎಂದು ಕೇಳಿದಳು.

ಆರು ವರ್ಷದಲ್ಲಿ ಬಸವಮ್ಮನ ಕೈಯ ಬಗ್ಗೆ ಯಾರೂ ಕೇಳಿರಲಿಲ್ಲ. ಅವಳು ಎಲ್ಲವನ್ನೂ ಹೇಳಿದಳು. ಉಂಡೆಯ ವಿಷಯ ಹೇಳಿದಳು. ಕಣ್ಣಿಲ್ಲದ ಯಂತ್ರದ ವಿಷಯ ಹೇಳಿದಳು. ಬೆಳಿಗ್ಗೆ ನೀವು ನೋಡಿದ ರಾಶಿ ನಾವು ಹೆಕ್ಕಿದ್ದು ಎಂದಳು. ಮೂರು ಗಂಟೆ ಒಳಗೆ ಕೂಡಿಹಾಕಿದ್ದರು ಎಂದಳು. ಲಾಸ್ಯ ನಿಂತೇ ಬರೆದುಕೊಳ್ಳುತ್ತಿದ್ದಳು. ಅವಳು ಬರೆಯುವುದನ್ನು ನೋಡಿ ಬಸವಮ್ಮನ ಬಾಯಿ ಇನ್ನೂ ಬಿಚ್ಚಿತು.

"ಅಗೋ, ಆ ಅಕ್ಕ, ಪುಟ್ಟಬಸಮ್ಮ. ತಡೀನಾರ್ದೆ ಒಳಗೇ ಉಚ್ಚೆ ಉಯ್ಕೊಂಡ್ಳು. ಅವಳ ಕೈಲೇ ಒರೆಸಿಸುದ್ರು. ಬರ್ಕೊಳಿ, ಅದ್ನೂ ಬರ್ಕೊಳಿ."

ಬಿಳಿ ಹೆಲ್ಮೆಟ್ಟಿನ ಗಂಡಸರು ಲಾರಿಯ ಒಳಗೆ ನೋಡಿದರು. ಕಟರು ಹಿಡಿದ ಹುಡುಗರು ನೋಡಿದರು. ಪುಟ್ಟಬಸಮ್ಮ ಸೆರಗನ್ನು ಮುಖದ ಮೇಲೆ ಎಳೆದುಕೊಂಡಳು. ನೀರಿನ ಬಾಟಲಿಯ ವಿಷಯ ಬಸವಮ್ಮ ಹೇಳಲಿಲ್ಲ. ಅದನ್ನು ಅವಳು ಆಮೇಲೂ ಯಾರಿಗೂ ಹೇಳಲಿಲ್ಲ.

ಲಾಸ್ಯ ಅವಳ ಕೈಗಳ ಫೋಟೋ ತೆಗೆದುಕೊಂಡಳು. ತನ್ನ ನಂಬರನ್ನು ಒಂದು ಚೀಟಿಯಲ್ಲಿ ಬರೆದುಕೊಟ್ಟಳು. ಭಯ ಪಡಬೇಡಿ ಎಂದಳು.

ಆ ಸಂಜೆ ಬಸವಮ್ಮನಿಗೆ ಮೈ ಹಗುರವಾಗಿತ್ತು. ಬಸ್ ಸ್ಟಾಪಿನವರೆಗೂ ಮಾತಾಡಿಕೊಂಡೇ ಬಂದಳು. ಪುಟ್ಟಬಸಮ್ಮ ಮಾತ್ರ ಎಲ್ಲರಿಗಿಂತ ಮುಂದೆ, ಒಬ್ಬಳೇ, ಬೇಗ ಬೇಗ ನಡೆದು ಹೋದಳು.

ಮೂರು ವಾರ ಏನೂ ಆಗಲಿಲ್ಲ. ಯಾರೂ ಬೈಯಲಿಲ್ಲ. ಒಂದು ದಿನ ಪೆಟ್ಟಿಗೆ ತುಂಬ ಹೊಸ ಕೈಗವಸು ಬಂತು. ಹೆಂಗಸರು ಹಾಕಿಕೊಂಡು ಒಬ್ಬರ ಕೈ ಒಬ್ಬರು ನೋಡಿ ನಕ್ಕರು. ಉಂಡೆ ಹಿಡಿತಕ್ಕೆ ಸಿಕ್ಕಿತು. ಮುಂದಿನ ಸೋಮವಾರ ಬಂದಾಗ ಗೇಟು ತೆಗೆಯಲಿಲ್ಲ. ಶಿವಕುಮಾರ್ ಸರಳುಗಳ ಆಚೆ ನಿಂತು ಮಾತಾಡಿದ. ಕಾರು ಕಂಪನಿಯಿಂದ ಪತ್ರ ಬಂದಿದೆ. ಕೈಯಿಂದ ಹೆಕ್ಕುವುದು ಅಪಾಯ, ಅಮಾನವೀಯ, ಇನ್ನು ಮುಂದೆ ಇಲ್ಲಿ ಯಾರೂ ಕೈಯಿಂದ ಹೆಕ್ಕಕೂಡದು ಎಂದು ಬರೆದಿದ್ದಾರೆ.

"ನಿಮ್ ಒಳ್ಳೇದಕ್ಕೇ ಅಂತೆ ಕಣಮ್ಮ," ಅಂದ. ಅವನ ಮುಖ ನೋಡಿದರೆ ಅವನೂ ಅದನ್ನು ನಂಬಿದಂತಿರಲಿಲ್ಲ.

ಎರಡು ದಿನ ಅವರು ಗೇಟಿನ ಮುಂದೆ ಕೂತರು. ಲಾರಿಗಳು ಅವರ ಕಾಲು ತಾಗುವಷ್ಟು ಹತ್ತಿರ ಬಂದು ಹಾರ್ನು ಹೊಡೆದವು. ಆರು ವರ್ಷ ದುಡಿದದ್ದಕ್ಕೆ ಏನಾದರೂ ಕೊಡಿ, ಇಲ್ಲ ಬೇರೆ ಕೆಲಸ ಕೊಡಿ ಎಂದು ಕೇಳಿದರು. ಸುಂದರೇಶನ ಕಾರು ಬಂತು, ಹೋಯಿತು. ಕರಿಗಾಜು ಇಳಿಯಲಿಲ್ಲ.

ಮೂರನೆಯ ದಿನ ಬಸವಮ್ಮ ಮೂವರನ್ನು ಕರೆದುಕೊಂಡು ದೇವರಾಜ ಮೊಹಲ್ಲಾಕ್ಕೆ ಹೋದಳು. ಅಲ್ಲಿ ಅಂಗಡಿಗಳ ಮಹಡಿಯ ಮೇಲೆ ಮಹದೇವಪ್ಪ ಎಂಬ ವಕೀಲರಿದ್ದರು. ಬಡವರ ಕೇಸು ಹಿಡಿಯುತ್ತಾರೆ ಎಂದು ಯಾರೋ ಹೇಳಿದ್ದರು. ಅವರು ಕುರ್ಚಿ ಹಾಕಿಸಿ ಕೂರಿಸಿ ಪೂರ್ತಿ ಕೇಳಿದರು. ನೀವು ಅಲ್ಲಿ ಕೆಲಸ ಮಾಡಿದ್ದಕ್ಕೆ ಏನಾದರೂ ಕಾಗದ ಇದೆಯಾ ಎಂದರು. ಗುರುತಿನ ಚೀಟಿ ಇಲ್ಲ. ಹಾಜರಿ ಪುಸ್ತಕದಲ್ಲಿ ಹೆಸರಿಲ್ಲ. ವಾರದ ಕೂಲಿ ಕೈಗೆ ಕೊಡುತ್ತಿದ್ದರು. ಬಸವಮ್ಮ ಕೈ ತೋರಿಸಿದಳು. ಮಹದೇವಪ್ಪ ನೋಡಿ, ನನಗೆ ಗೊತ್ತಾಗುತ್ತೆ ತಾಯಿ, ಕೋರ್ಟಿಗೆ ಇದು ಸಾಲದು ಎಂದರು. ನೀವು ಅಲ್ಲಿ ಇದ್ದಿರಿ ಎಂದು ಬರೆದಿರುವುದು ಆ ಹುಡುಗಿಯ ವರದಿಯಲ್ಲಿ ಮಾತ್ರ. ಅದು ಸಿಕ್ಕರೆ ನೋಡೋಣ ಎಂದರು.

ಅವರ ಮೇಜಿನ ಪಕ್ಕದಲ್ಲೇ ನಿಂತು ಬಸವಮ್ಮ ಲಾಸ್ಯಳಿಗೆ ಫೋನು ಮಾಡಿದಳು. ಲಾಸ್ಯ ಗುರುತು ಹಿಡಿದಳು. ನಡೆದದ್ದನ್ನು ಕೇಳಿ ಅವಳ ದನಿ ಕುಗ್ಗಿತು. ಕೆಲಸದಿಂದ ತೆಗೆಯಿರಿ ಎಂದು ನಾನು ಬರೆದಿರಲಿಲ್ಲ, ಹೆಸರು ದಾಖಲಿಸಿ, ರಕ್ಷಣೆ ಕೊಡಿ, ಶೌಚಾಲಯ ಕಟ್ಟಿಸಿ ಎಂದು ಬರೆದಿದ್ದೆ ಎಂದಳು. ಆ ವರದಿ ಕೊಡವ್ವ ಎಂದು ಬಸವಮ್ಮ ಕೇಳಿದಳು. ಅದು ಕಂಪನಿಯ ಆಸ್ತಿ, ಹೊರಗೆ ಕೊಡುವ ಹಾಗಿಲ್ಲ, ಕೊಟ್ಟರೆ ತನ್ನ ಮೇಲೆ ಕೇಸು ಹಾಕುತ್ತಾರೆ ಎಂದಳು ಲಾಸ್ಯ. ಅವಳು ಅಳುತ್ತಿದ್ದಳು. ಕೊನೆಗೆ ಬಸವಮ್ಮನೇ, ಇರ್ಲಿ ಬುಡವ್ವ, ನೀನೇನ್ ಮಾಡೀಯೆ ಎಂದು ಸಮಾಧಾನ ಹೇಳಿ ಫೋನು ಇಟ್ಟಳು.

ಮಹಡಿ ಇಳಿದು ಬರುವಾಗ ಜೊತೆಗಿದ್ದ ಒಬ್ಬಳು, ಸುಮ್ಮನೆ ಲಾರಿ ಹತ್ತಿದ್ದರೆ ಆಗುತ್ತಿತ್ತು ಎಂದಳು. ಮಾರ್ಕೆಟ್ಟಿನ ಜನದ ನಡುವೆ ನಾಲ್ವರೂ ಒಬ್ಬರ ಹಿಂದೊಬ್ಬರು ನಡೆದರು.

ಪುಟ್ಟಬಸಮ್ಮ ವಕೀಲರ ಹತ್ತಿರ ಬಂದಿರಲಿಲ್ಲ. ಬಸವಮ್ಮ ಅವಳ ಕೋಣೆಗೇ ಹೋದಳು. ಮುದುಕಿ ಬಾಗಿಲಲ್ಲೇ ನಿಂತು ಮಾತಾಡಿದಳು. ಕೆಲಸ ಹೋದದ್ದರ ಬಗ್ಗೆ ಒಂದು ಮಾತೂ ಆಡಲಿಲ್ಲ.

"ಕತ್ಲಲ್ಲಿ ಆಗಿದ್ದು ಕತ್ಲಲ್ಲೇ ಇರ್ತಿತ್ತು. ಅಷ್ಟು ಜನ ಗಂಡಸ್ರ ಮುಂದೆ ನನ್ನೆಸ್ರು ಯಾಕ್ ಏಳ್ದೆ ಬಸವಮ್ಮ? ನನ್ನ ಕೇಳುದ್ಯಾ?"

ಬಸವಮ್ಮ ಕೇಳಿರಲಿಲ್ಲ. ಅದು ಅವಳಿಗೆ ಆ ಹೊತ್ತಿನವರೆಗೆ ಹೊಳೆದೂ ಇರಲಿಲ್ಲ. ಬಾಗಿಲು ಮುಚ್ಚಿದ ಮೇಲೂ ಅವಳು ಸ್ವಲ್ಪ ಹೊತ್ತು ಅಲ್ಲೇ ನಿಂತಿದ್ದಳು.

ಆಮೇಲೆ ಮನೆಗೆಲಸ ಹುಡುಕಿಕೊಂಡು ಒಂಟಿಕೊಪ್ಪಲಿಗೆ ಹೋದಳು. ಮೂರು ಮನೆಯಲ್ಲಿ ಕೇಳಿದಳು. ಮೊದಲ ಮನೆಯವರಿಗೆ ಬೇರೆಯವಳು ಸಿಕ್ಕಿದ್ದಳು. ಎರಡನೆಯ ಮನೆಯಲ್ಲಿ ಊರು ಯಾವುದು, ಯಾವ ಬೀದಿ ಎಂದು ಕೇಳಿ, ಹೇಳಿ ಕಳಿಸುತ್ತೇವೆ ಎಂದರು. ಮೂರನೆಯ ಮನೆಯಾಕೆ ಅವಳ ಕೈ ನೋಡಿ, ಇದೇನು ಚರ್ಮದ ಕಾಯಿಲೆಯಾ ಎಂದಳು. ಅಲ್ಲ ಅಮ್ಮ, ತಗಡು ಕುಯ್ದಿದ್ದು ಎಂದಳು ಬಸವಮ್ಮ. ಪಾತ್ರೆ ಬೇಡ, ಕಾಂಪೌಂಡಿನ ಹುಲ್ಲು ಕೀಳು ಎಂದಳು ಆಕೆ. ಒಂದು ದಿನ ಕಿತ್ತಳು. ಮರುದಿನ ಕೀಳಲು ಹುಲ್ಲು ಇರಲಿಲ್ಲ.

ಯಾರ್ಡಿನ ಯಂತ್ರ ಆಗಲೂ ತುಕ್ಕನ್ನು ತಾಮ್ರ ಅಂದುಕೊಳ್ಳುತ್ತಿತ್ತು. ಕಾರು ಕಂಪನಿಗೆ ತಾಮ್ರವಿಲ್ಲದ ಉಕ್ಕೇ ಬೇಕಿತ್ತು. ಹುಣಸೂರು ರಸ್ತೆಯಲ್ಲಿ, ಯಲವಾಲ ದಾಟಿದ ಮೇಲೆ, ಚೆಲುವರಾಜು ಎಂಬ ಗುತ್ತಿಗೆದಾರ ಒಂದು ಹಳೆಯ ಕೋಳಿ ಶೆಡ್ಡು ಹಿಡಿದ. ಯಾರ್ಡಿನ ಚೂರು ಲಾರಿಯಲ್ಲಿ ಅಲ್ಲಿಗೆ ಹೋಗುತ್ತಿತ್ತು. ಹೆಂಗಸರು ಅದನ್ನು ನೆಲದ ಮೇಲೆ ಹರಡಿ, ಕುಕ್ಕರುಗಾಲಲ್ಲಿ ಕೂತು ಹೆಕ್ಕುತ್ತಿದ್ದರು. ಅದೇ ಚೂರು ವಾಪಸು ಯಾರ್ಡಿಗೆ ಬಂದು, ಯಂತ್ರದ ಬಾಯಲ್ಲಿ ಹಾದು, ಮುಂದೆ ಹೋಗುತ್ತಿತ್ತು. ಈಗ ಬೋರ್ಡಿನಲ್ಲಿ ಬರೆದದ್ದು ನಿಜವಾಗಿತ್ತು. ಯಾರ್ಡಿನೊಳಗೆ ಯಾರೂ ಉಕ್ಕು ಮುಟ್ಟುತ್ತಿರಲಿಲ್ಲ. ಕೈಗವಸು ಬೆಲ್ಟಿನ ಜೊತೆಗೇ ಯಾರ್ಡಿನಲ್ಲಿ ಉಳಿದವು. ಕೂಲಿ ಮೊದಲಿಗಿಂತ ಕಡಿಮೆ. ಮೊದಲು ಹೋದವಳು ಪುಟ್ಟಬಸಮ್ಮ. ಆಮೇಲೆ ಒಬ್ಬೊಬ್ಬರಾಗಿ ಎಲ್ಲರೂ ಹೋದರು.

ಬಸವಮ್ಮನನ್ನು ಯಾರೂ ಕರೆಯಲಿಲ್ಲ. ಎರಡು ತಿಂಗಳು ತಡೆದಳು. ಮಳೆ ಹಿಡಿದ ಮೇಲೆ ಒಂದು ಬೆಳಿಗ್ಗೆ ತಾನೇ ಹೋಗಿ ಶೆಡ್ಡಿನ ಮುಂದೆ ನಿಂತಳು. ಯಾರ್ಡಿನ ಗೇಟಿನ ಮುಂದೆ ಅವಳು ಕೂತಿದ್ದನ್ನು ಕಂಡಿದ್ದ ಚೆಲುವರಾಜು ನೋಡಿದೊಡನೆ ಗುರುತು ಹಿಡಿದ. ನಿನ್ನನ್ನು ಸೇರಿಸಬಾರದು ಎಂದು ಮೇಲಿನಿಂದ ಹೇಳಿದ್ದಾರೆ ಎಂದ. ಅವಳು ನಿಂತೇ ಇದ್ದಳು. ಲಾರಿ ಬಂದು ರಾಶಿ ಸುರಿದು ಹೋಯಿತು. ರಾಶಿ ದೊಡ್ಡದಿತ್ತು, ಕೈ ಕಡಿಮೆ ಇದ್ದವು. ಅವನು ಒಂದು ಬೀಡಿ ಸೇದಿ ಮುಗಿಸಿ ಬಂದ.

"ಬಾಯ್ನ ಮನೇಲಿ ಬುಟ್ಟು ಬತ್ತೀಯಾ?" ಎಂದು ಕೇಳಿದ.

ಬಸವಮ್ಮ ತಲೆ ಆಡಿಸಿದಳು. ಅವನಿಗೆ ಅಷ್ಟು ಸಾಲಲಿಲ್ಲ. ಎಲ್ಲರಿಗೂ ಕೇಳುವ ಹಾಗೆ ಹೇಳು ಎಂದ. ಹೆಂಗಸರು ಹೆಕ್ಕುವುದನ್ನು ನಿಲ್ಲಿಸಿ ನೆಲ ನೋಡಿದರು.

"ಬತ್ತೀನಿ," ಅಂದಳು.

ಒಳಗೆ ಹೋದಳು. ಖಾಲಿ ಜಾಗ ಇದ್ದದ್ದು ಪುಟ್ಟಬಸಮ್ಮನ ಪಕ್ಕದಲ್ಲಿ ಮಾತ್ರ. ಕೂತಳು. ನೆಲದ ಮೇಲಿನ ಚೂರು ಬೆಲ್ಟಿನ ಮೇಲಿನದಕ್ಕಿಂತ ಹರಿತವಾಗಿತ್ತು, ಅಥವಾ ಎರಡು ತಿಂಗಳಲ್ಲಿ ಅವಳ ಕೈ ಮೆತ್ತಗಾಗಿತ್ತು. ಗಂಟೆ ಹತ್ತಾಗುವುದರೊಳಗೆ ಎರಡು ಕಡೆ ರಕ್ತ ಬಂತು. ಮಣ್ಣು ಒತ್ತಿ ಕೆಲಸ ಮಾಡಿದಳು.

ಹನ್ನೊಂದರ ಹೊತ್ತಿಗೆ ಪುಟ್ಟಬಸಮ್ಮ ಮಂಡಿ ಹಿಡಿದುಕೊಂಡು ಎದ್ದಳು. ಶೆಡ್ಡಿಗೆ ಶೌಚಾಲಯ ಇರಲಿಲ್ಲ. ಹಿಂದೆ ಒಂದಿಷ್ಟು ಲಂಟಾನ ಗಿಡ, ಅದರಾಚೆ ರಸ್ತೆ. ಅವಳು ಎರಡು ಹೆಜ್ಜೆ ಹೋಗಿ ನಿಂತಳು. ತಿರುಗಿ ನೋಡದೆ, ಬಂದು ಅಡ್ಡ ನಿಂತ್ಕೋ ಎಂದಳು.

ಬಸವಮ್ಮ ಎದ್ದು ಹೋದಳು. ಗಿಡಗಳು ಮೊಣಕಾಲಿನಷ್ಟೇ ಎತ್ತರ ಇದ್ದವು. ರಸ್ತೆಯ ಕಡೆ ಮುಖ ಮಾಡಿ, ಎರಡೂ ಕೈಯಲ್ಲಿ ಸೆರಗನ್ನು ಅಗಲಿಸಿ ಹಿಡಿದು ನಿಂತಳು. ಬಸ್ಸಿನಲ್ಲಿ ಹೋಗುವವರು ನೋಡಿದರು. ಬೈಕಿನವನೊಬ್ಬ ನಿಧಾನ ಮಾಡಿ ನೋಡಿಕೊಂಡು ಹೋದ. ಬೆನ್ನ ಹಿಂದೆ ಮುದುಕಿ ಎದ್ದು ಸೀರೆ ಸರಿ ಮಾಡಿಕೊಳ್ಳುವ ಸದ್ದಾಯಿತು. ಆಮೇಲೆ ದನಿ ಬಂತು.

"ಇನ್ಮೇಲೆ ಯಾರಾದ್ರೂ ಬಂದು ಕೇಳುದ್ರೆ ನಂದೇನೂ ಏಳ್ಬೇಡ ಕಣವ್ವ."

"ಇಲ್ಲಿಗೆ ಯಾರ್ ಬತ್ತಾರೆ ಬುಡಕ್ಕ ಕೇಳಕೆ," ಅಂದಳು ಬಸವಮ್ಮ.

ಸೆರಗು ಇಳಿಸಿದಳು. ಇಬ್ಬರೂ ಶೆಡ್ಡಿಗೆ ನಡೆದರು. ಎರಡನೆಯ ಲಾರಿ ಆಗಲೇ ಹಿಂದಕ್ಕೆ ಬರುತ್ತಾ, ರಾಶಿ ಸುರಿಯಲು ಜಾಗ ನೋಡುತ್ತಿತ್ತು.